ಜೋಮು ಹಿಡಿದ ಮನಸ್ಸು: ಎಮರ್ಜೆನ್ಸಿಯ ಒಬ್ಬ ಸಿಸ್ಟರ್ ಪ್ರಕರಣ

"ಮೇಡಂ, ನನಗೆ ಅಳು ಬರ್ತಾ ಇಲ್ಲ. ಅದಕ್ಕೇನಾದರೂ ಮಾಡ್ತೀರಾ?"

ಮೊದಲ ದಿನ ಕುರ್ಚಿಯಲ್ಲಿ ಕೂತ ತಕ್ಷಣ ಅವರು ಕೇಳಿದ್ದು ಇದು. ಮನಸ್ಸಿನ ತೊಂದರೆ ಹೇಳಿಕೊಳ್ಳಲು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರಿಗೆ ಅಳು ನಿಲ್ಲಬೇಕು. ಇವರದು ಉಲ್ಟಾ.

ಹೆಸರು ಬೇಡ. ಕೆಲಸದ ಜಾಗದಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಅಂತಲೇ ಕರೆಯುತ್ತಾರೆ, ಇಲ್ಲೂ ಹಾಗೇ ಇರಲಿ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ದೊಡ್ಡ ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ, ಅಂದರೆ ತುರ್ತು ಚಿಕಿತ್ಸೆ ವಿಭಾಗದಲ್ಲಿ, ನರ್ಸಾಗಿ ಒಂಬತ್ತು ವರ್ಷದ ಅನುಭವ. ಗಂಡ ಇದ್ದಾರೆ, ಎಂಟು ವರ್ಷದ ಮಗಳಿದ್ದಾಳೆ. ಬೇರೆ ಯಾರಿಗೂ ಸಿಗದ ನರ ಇವರ ಸೂಜಿಗೆ ಸಿಗುತ್ತದೆ, ಡಾಕ್ಟರುಗಳೇ ಬಂದು ಇವರನ್ನು ಕರೆಯುತ್ತಾರಂತೆ. ಅದನ್ನು ಹೇಳುವಾಗ ಮಾತ್ರ ಅವರ ಮುಖ ಸ್ವಲ್ಪ ಅರಳಿತು. ನಾನು ಅದನ್ನು ಬರೆದುಕೊಂಡೆ.

ಅವರನ್ನು ನನ್ನ ತನಕ ತಂದದ್ದು ಒಂದು ನೈಟ್ ಡ್ಯೂಟಿ. ಒಟ್ಟಿಗೇ ಮೂರು ಸ್ಟ್ರೆಚರ್ ಬಂದಿದ್ದವು. ವಯಸ್ಸಾದ ಒಬ್ಬರಿಗೆ ಎದೆ ಒತ್ತಿ ಹೃದಯ ನಡೆಸುವ ಸಿಪಿಆರ್ ಮಾಡಿ ಮಾಡಿ ಕೊನೆಗೆ ನಿಲ್ಲಿಸಿದ್ದರು. ಮನೆಯವರಿಗೆ ಹೇಳಬೇಕಾದ ಡಾಕ್ಟರ್ ಮುಂದಿನ ರೋಗಿಯ ಕಡೆ ಓಡಿದ್ದರು. ಇಪ್ಪತ್ತು ನಿಮಿಷ ಕಳೆದ ಮೇಲೆ ಮಗ ಕೌಂಟರಿಗೆ ಬಂದು "ನಮ್ಮಪ್ಪ ಹೇಗಿದ್ದಾರೆ ಸಿಸ್ಟರ್?" ಅಂತ ಕೇಳಿದ. ಇವರು ಫೈಲಿನಿಂದ ತಲೆ ಎತ್ತದೆ "ಅವರು ಹೋದರು" ಅಂದರು.

ಅವನು ಕೇಳಿದ: "ಯಾವ ವಾರ್ಡಿಗೆ?"

ಪಕ್ಕದಲ್ಲಿದ್ದ ಟ್ರೈನಿ ಹುಡುಗಿ ಬಾತ್‌ರೂಮಿಗೆ ಓಡಿಹೋಗಿ ಅತ್ತಳಂತೆ. ಸಿಸ್ಟರ್ ತಲೆಯಲ್ಲಿ ಬಂದದ್ದು ಒಂದೇ ಮಾತು, ಈಗ ಇವಳ ಕೆಲಸ ಯಾರು ಮಾಡ್ತಾರೆ.

ಇದಾಗಿ ಎರಡು ದಿನಕ್ಕೆ ಮನೆಯಲ್ಲಿ ಮಗಳು ಸೈಕಲ್ಲಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದಳು. ಇವರು ಒಂದು ಸಲ ನೋಡಿ "ಏನೂ ಆಗಿಲ್ಲ, ತೊಳ್ಕೋ ಹೋಗು" ಅಂದರು. ಮಗಳು ಕೇಳಿದಳು, "ನಾನು ಸಾಯೋ ಹಾಗಿದ್ರೆ ಮಾತ್ರ ನೋಡ್ತೀಯಾ ಅಮ್ಮಾ?"

ಎಮರ್ಜೆನ್ಸಿಯಲ್ಲಿ ಬಂದವರನ್ನೆಲ್ಲ ಟ್ರಯಾಜ್ ಅಂತ ಮೊದಲು ವಿಂಗಡಿಸುತ್ತಾರೆ. ತಕ್ಷಣ ನೋಡದಿದ್ದರೆ ಜೀವ ಹೋಗುತ್ತೆ ಅನ್ನುವವರು ಕೆಂಪು, ಸ್ವಲ್ಪ ಹೊತ್ತು ತಡೆಯಬಲ್ಲವರು ಹಳದಿ, ಕಾಯಬಲ್ಲವರು ಹಸಿರು. ನೆಪೋಲಿಯನ್‌ನ ಸೈನ್ಯದ ಸರ್ಜನ್ ಡೊಮಿನಿಕ್ ಜಾನ್ ಲಾರೇ ಯುದ್ಧಭೂಮಿಯಲ್ಲಿ ಬೆಳೆಸಿದ ಪದ್ಧತಿ ಇದಕ್ಕೆಲ್ಲ ಮೂಲ. ದರ್ಜೆ ನೋಡಬೇಡಿ, ಗಾಯ ನೋಡಿ ಅನ್ನುವುದು ಅವನ ಲೆಕ್ಕ. ಒಳ್ಳೆಯ ಲೆಕ್ಕವೇ. ಆದರೆ ಒಂಬತ್ತು ವರ್ಷ ದಿನಕ್ಕೆ ಹತ್ತಾರು ಜನರನ್ನು ಹಾಗೆ ವಿಂಗಡಿಸಿದ ಕಣ್ಣು ಮನೆಗೆ ಬಂದ ಮೇಲೂ ಸುಮ್ನಿರಲ್ಲ. ಜ್ವರ ಬಂದ ಗಂಡ ಹಸಿರು. ಮಗಳ ಮೊಣಕಾಲು ಹಸಿರು. ಫೋನಿನಲ್ಲಿ ಬೇಜಾರು ಹೇಳಿಕೊಳ್ಳುವ ಅಕ್ಕ ಅಂತೂ ಲೆಕ್ಕಕ್ಕೇ ಇಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಬಿಡಬೇಕು. ಮೊದಲ ದಿನವೇ ಆ ರಾತ್ರಿಯ ಕತೆಯನ್ನು ಅವರ ಬಾಯಿಂದ ನಿಮಿಷ ನಿಮಿಷವಾಗಿ ಹೇಳಿಸಿದೆ. ಒಳಗಿದ್ದದ್ದು ಹೊರಗೆ ಬಂದರೆ ಹಗುರ ಆಗುತ್ತೆ ಅಂತ ನಂಬಿಕೆ. ಮುಂದಿನ ವಾರ ಬಂದಾಗ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಮೊದಲು ಐದು ಗಂಟೆ ಬರುತ್ತಿದ್ದ ನಿದ್ದೆ ಮೂರಕ್ಕೆ ಇಳಿದಿತ್ತು. ಆಘಾತ ಆದವರನ್ನು ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸುವುದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚೂ ಆಗಬಹುದು ಅಂತ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ವಿಮರ್ಶೆ 2002ರಲ್ಲೇ ಹೇಳಿತ್ತು. ನಾನು ಓದಿದ್ದೆ ಕೂಡ. ಓದಿದ್ದು ನೆನಪಾಗುವುದು ಯಾವಾಗಲೂ ಒಂದು ವಾರ ತಡವಾಗಿಯೇ. ಅವರ ಹತ್ತಿರ ಕ್ಷಮೆ ಕೇಳಿದೆ. "ಪರವಾಗಿಲ್ಲ ಮೇಡಂ, ನಮ್ಮಲ್ಲೂ ಮೊದಲ ಸೂಜಿ ಕೆಲವು ಸಲ ತಪ್ಪುತ್ತೆ" ಅಂದರು.

ಎರಡನೇ ಸಲ ಮಾಡಿದ್ದು ಮೊದಲ ಸಲವೇ ಮಾಡಬೇಕಿದ್ದ ಕೆಲಸ. ನಿದ್ದೆ ಹೇಗಿದೆ, ಊಟ ಹೇಗಿದೆ, ಸತತವಾಗಿ ಎಷ್ಟು ನೈಟ್ ಡ್ಯೂಟಿ, ಡ್ಯೂಟಿ ಮಧ್ಯೆ ಬಾತ್‌ರೂಮಿಗೆ ಹೋಗಲು ಆಗುತ್ತಾ. ಸಾಯಬೇಕು ಅಂತ ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ ಅನ್ನುವುದು ಸುಳ್ಳು ಭಯ, ಕೇಳಲೇಬೇಕು. ಅವರು ಇಲ್ಲ ಅಂದರು, ಆ ಇಲ್ಲದಲ್ಲಿ ಅನುಮಾನ ಬರುವಂಥದ್ದು ನನಗೆ ಕಾಣಲಿಲ್ಲ. ಹೌದು ಅಂದಿದ್ದರೆ ಈ ಪ್ರಕರಣ ಬೇರೆಯೇ ದಾರಿ ಹಿಡಿಯುತ್ತಿತ್ತು, ಅದೇ ದಿನ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

"ನಾನು ಕಲ್ಲಾಗಿಬಿಟ್ಟಿದ್ದೀನಿ" ಅನ್ನುವುದು ಅವರ ತೀರ್ಮಾನ. ನಾನು ಕೇಳಿದೆ, ತುಂಬಾ ಹೊತ್ತು ಒಂದೇ ಭಂಗಿಯಲ್ಲಿ ಕೂತರೆ ಕಾಲಿಗೆ ಏನಾಗುತ್ತೆ? ಜೋಮು ಹಿಡಿಯುತ್ತೆ ಅಂದರು. ಕಾಲು ಸತ್ತಿದೆ ಅಂತ ಕತ್ತರಿಸಿ ಹಾಕ್ತೀರಾ? ನಕ್ಕರು. ನರ ಸತ್ತಿಲ್ಲ, ಅದರ ಮೇಲೆ ಭಾರ ಬಿದ್ದಿದೆ. ಭಾರದ ಮೇಲೆ ಕೂತೇ ಕಾಲು ತಿಕ್ಕಿದರೆ ಪ್ರಯೋಜನ ಇಲ್ಲ. ಇನ್ನೂ ಒಂದು ಮಾತು ಆಗಲೇ ಹೇಳಿಟ್ಟೆ, ಜೋಮು ಬಿಡುವಾಗ ಇರುವೆ ಕಚ್ಚಿದ ಹಾಗಾಗುತ್ತೆ, ಆವಾಗ ಹೆದರಬೇಡಿ.

ಈ ಸ್ಥಿತಿಗೆ ಬರ್ನೌಟ್ ಅನ್ನುತ್ತಾರೆ. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿ ಪ್ರಕಟಿಸಿದಾಗ ಮೂರು ಭಾಗ ಮಾಡಿದ್ದರು. ಮನಸ್ಸು ಬತ್ತಿಹೋಗುವುದು, ಎದುರಿನವರು ಮನುಷ್ಯರಾಗಿ ಕಾಣದೇ ಹೋಗುವುದು, ನನ್ನ ಕೆಲಸಕ್ಕೆ ಬೆಲೆಯೇ ಇಲ್ಲ ಅನ್ನಿಸುವುದು. ಸಿಸ್ಟರ್‌ಗೆ ಮೊದಲೆರಡು ಜಾಸ್ತಿಯೇ ಇದ್ದವು. ರೋಗಿಗಳು ಅವರ ಬಾಯಲ್ಲಿ "ನಾಲ್ಕನೇ ಬೆಡ್", "ಆ ಹೊಟ್ಟೆನೋವು" ಆಗಿದ್ದರು. ಮೂರನೆಯದು ಇರಲಿಲ್ಲ, ಸೂಜಿಯ ಹೆಮ್ಮೆ ಇನ್ನೂ ಉಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಬರ್ನೌಟನ್ನು ಕಾಯಿಲೆ ಅಂತ ಸೇರಿಸಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಕರೆದಿದೆ. ಇದನ್ನು ಹೇಳಿದಾಗ ಅವರು ಮೊದಲ ಸಲ ಕುರ್ಚಿಗೆ ಬೆನ್ನು ಕೊಟ್ಟು ಕೂತರು.

ಆಮೇಲೆ ಅವರೇ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ಮೊದಮೊದಲು ಎಲ್ಲರ ನೋವೂ ನನ್ನದೇ ಅನ್ನಿಸ್ತಿತ್ತು, ಮನೆಗೆ ಹೋಗಿ ಅಳ್ತಿದ್ದೆ. ಮತ್ತೆ ಹಾಗೇ ಆಗ್ಬೇಕಾ?"

ಬೇಡ. ನೋವನ್ನು ತನ್ನ ಮೇಲೆ ಎಳೆದುಕೊಳ್ಳುವುದು ಬೇರೆ, ಕರುಣೆ ಬೇರೆ. ತಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ನರಳುವ ಜನರ ವಿಡಿಯೋ ತೋರಿಸುತ್ತಾ, ಮೊದಲು ಆ ನೋವನ್ನು ತಾವೂ ಅನುಭವಿಸುವ ತರಬೇತಿ ಕೊಟ್ಟರು. ನೋಡಿದವರು ಕುಗ್ಗಿಹೋದರು, ಮೆದುಳಿನಲ್ಲಿ ನೋವಿಗೆ ಸಂಬಂಧಿಸಿದ ಜಾಗಗಳು ಹೆಚ್ಚು ಕೆಲಸ ಮಾಡಿದವು. ಆಮೇಲೆ ಅದೇ ಜನಕ್ಕೆ ಕರುಣೆಯ ತರಬೇತಿ, ಅಂದರೆ ಎದುರಿನವರಿಗೆ ಒಳ್ಳೆಯದಾಗಲಿ ಅಂತ ಮನಸಾರೆ ಬಯಸುವುದು. ಕುಗ್ಗಿದ್ದವರು ಚೇತರಿಸಿಕೊಂಡರು, ಮೆದುಳಿನ ಬೇರೆಯೇ ಭಾಗಗಳು ಎಚ್ಚರಾದವು. ಸಿಸ್ಟರ್ ಶುರುವಿನಲ್ಲಿ ಮಾಡುತ್ತಿದ್ದದ್ದು ಮೊದಲನೆಯದು. ಅದರಿಂದ ಸುಟ್ಟುಕೊಂಡ ಮೇಲೆ ಬಾಗಿಲು ಹಾಕಿಕೊಂಡರು. ಎರಡನೆಯದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದಕ್ಕೆ ಸಮಯ ಎಲ್ಲಿದೆ ಅಂತ ಅವರು ಕೇಳಿಯೇ ಕೇಳುತ್ತಾರೆ ಅಂತ ಗೊತ್ತಿತ್ತು. ಹಾಗಾಗಿ ಹೊಸದಾಗಿ ಏನೂ ಸೇರಿಸಲಿಲ್ಲ. ಒಬ್ಬ ರೋಗಿಯನ್ನು ಮುಟ್ಟುವ ಮುಂಚೆ ಕೈಗೆ ಸ್ಯಾನಿಟೈಸರ್ ಹಚ್ಚಿ 20ರಿಂದ 30 ಸೆಕೆಂಡ್ ಉಜ್ಜಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಆ ಹೊತ್ತಿನಲ್ಲಿ ಕೇಸ್ ಶೀಟಿನ ಮೇಲಿನ ಹೆಸರು ಓದಿ, ಮನಸ್ಸಲ್ಲೇ "ಇವರ ನೋವು ಕಡಿಮೆಯಾಗಲಿ" ಅಂದುಕೊಳ್ಳಿ, ಆಮೇಲೆ ಹೆಸರು ಹಿಡಿದು ಮಾತಾಡಿಸಿ ಅಂದೆ.

"20 ಸೆಕೆಂಡ್ ಯಾರು ಉಜ್ತಾರೆ ಮೇಡಂ?"

"ಹಾಗಾದರೆ ಎರಡು ಲಾಭ" ಅಂದೆ.

ಉಸಿರಾಟದ ವ್ಯಾಯಾಮ, ಡೈರಿ ಬರೆಯುವುದು ಇವನ್ನೂ ಹೇಳಿ ನೋಡಿದೆ. ಡೈರಿ ಎರಡು ಪುಟ ದಾಟಲಿಲ್ಲ, ಬಿಟ್ಟುಬಿಟ್ಟೆವು.

ಜಾಸ್ತಿ ಹೊತ್ತು ಕೂತು ಕೆಲಸ ಮಾಡಿದ್ದು "ಹೋದರು" ಅನ್ನುವ ಮಾತಿನ ಮೇಲೆ. ಸಾವಿನ ಸುದ್ದಿ ಹೇಳುವಾಗ ಸುತ್ತಿಬಳಸಬಾರದು, ಸಾವು ಅಂತ ಅರ್ಥವಾಗುವ ಪದವೇ ಬಾಯಿಂದ ಬರಬೇಕು ಅಂತ ಈ ವಿಷಯದಲ್ಲಿ ತರಬೇತಿ ಕೊಡುವವರು ಹೇಳುತ್ತಾರೆ. ನಮ್ಮ ಭಾಷೆಯಲ್ಲಿ ಇದು ಇನ್ನೂ ಕಷ್ಟ. ಹೋದರು ಅಂದರೆ ಮನೆಗೂ ಹೋಗಿರಬಹುದು, ಐಸಿಯುಗೂ ಹೋಗಿರಬಹುದು. "ಇನ್ನಿಲ್ಲ" ಪೇಪರಿನ ಭಾಷೆ. "ಸತ್ತರು" ಅನ್ನಲು ನಾಲಿಗೆ ಏಳುವುದಿಲ್ಲ. ಹುಡುಕಿ ಹುಡುಕಿ "ತೀರಿಕೊಂಡರು" ಅನ್ನುವುದಕ್ಕೆ ಬಂದು ನಿಂತೆವು. ಅದರಲ್ಲಿ ಗೌರವ ಇದೆ, ಗೊಂದಲ ಇಲ್ಲ. ಡಾಕ್ಟರ್ ಹೇಳಬೇಕಾದ್ದು ಡಾಕ್ಟರೇ ಹೇಳಲಿ, ಇವರು ಪಕ್ಕದಲ್ಲಿ ನಿಲ್ಲಲಿ. ಡಾಕ್ಟರ್ ಬರುವ ಹಾಗೇ ಇಲ್ಲ, ತಾನೇ ಹೇಳಬೇಕು ಅಂತಾದರೆ ಕೌಂಟರಿಂದ ಈಚೆ ಬರುವುದು, ಎದುರಿನವರನ್ನು ಕೂರಿಸಿ ತಾನೂ ಕೂರುವುದು, ರೋಗಿ ಯಾರು, ಕೇಳುವವರು ಯಾರು ಅಂತ ಖಚಿತ ಮಾಡಿಕೊಳ್ಳುವುದು, ಕೆಟ್ಟ ಸುದ್ದಿ ಇದೆ ಅಂತ ಮೊದಲೇ ಒಂದು ಮಾತಲ್ಲಿ ಹೇಳುವುದು, ಆಮೇಲೆ ಆ ಪದ, ಆಮೇಲೆ ಬಾಯಿ ಮುಚ್ಚಿಕೊಂಡಿರುವುದು. ಕೊನೆಯದೇ ಕಷ್ಟ. ನನ್ನ ರೂಮಿನಲ್ಲಿ ನಾನು ಮಗನಾಗಿ, ಹೆಂಡತಿಯಾಗಿ, ಜಗಳಕ್ಕೆ ಬಂದ ತಮ್ಮನಾಗಿ ಕೂತು ಹತ್ತು ಸಲ ಅಭ್ಯಾಸ ಮಾಡಿಸಿದೆ.

ಏಳನೇ ಸಲವೋ ಏನೋ, "ನಿಮ್ಮ ತಂದೆ ತೀರಿಕೊಂಡರು" ಅಂದವರು ಅಲ್ಲಿಗೇ ನಿಂತುಬಿಟ್ಟರು. ಅಳು ಬಂತು. ಆ ವಾರ ಪೂರ್ತಿ ಬಂತಂತೆ, ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ. ಫೋನ್ ಮಾಡಿ "ಇದೇನು ಮೇಡಂ, ಜಾಸ್ತಿನೇ ಆಯ್ತಲ್ಲ" ಅಂದರು. ಇರುವೆ ಅಂದೆ. "ಹ್ಞಾಂ, ಇರುವೆ" ಅಂದು ಫೋನ್ ಇಟ್ಟರು.

ಇಷ್ಟೆಲ್ಲ ಬರೆದ ಮೇಲೆ ಒಂದು ವಿಷಯ ಹೇಳದಿದ್ದರೆ ಮೋಸವಾಗುತ್ತೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣಕ್ಕೆ ಅಂತ ಕಳಿಸಿದರು, ದಾರಿಯಲ್ಲಿ ಒಬ್ಬ ಮನುಷ್ಯ ಕೆಮ್ಮುತ್ತಾ ನರಳುತ್ತಾ ಕುಸಿದಿರುವ ಹಾಗೆ ವ್ಯವಸ್ಥೆ ಮಾಡಿದ್ದರು. ಸಮಯ ಇದೆ ಅಂತ ಕಳಿಸಿದವರಲ್ಲಿ 63 ಶೇಕಡಾ ಜನ ಸಹಾಯ ಮಾಡಿದರು. ಆಗಲೇ ತಡವಾಗಿದೆ ಅಂತ ಓಡಿಸಿದವರಲ್ಲಿ ಬರೀ 10 ಶೇಕಡಾ. ಕೆಲವರು ಮಾತಾಡಲು ಹೊರಟಿದ್ದ ವಿಷಯವೇ, ದಾರಿಯಲ್ಲಿ ಬಿದ್ದವನಿಗೆ ನೆರವಾದ ದಯಾವಂತನ ಕತೆ! ಗಡಿಬಿಡಿಯಲ್ಲಿ ಅವರಲ್ಲೂ ಕೆಲವರು ದಾಟಿ ಹೋದರು. ಎಮರ್ಜೆನ್ಸಿಯಲ್ಲಿ ಪ್ರತಿದಿನ ಎಲ್ಲರಿಗೂ ತಡವಾಗಿರುತ್ತೆ ಅಲ್ವಾ? ಕೆಲಸಕ್ಕೆ ಜನ ಸಾಕಾಗದ ಕಡೆ ಇರುವವರಿಗೆ ಗಟ್ಟಿ ಮನಸ್ಸಿನ ತರಬೇತಿ ಕೊಡಿ ಅಂತ ಆಡಳಿತದವರು ಕೇಳಿದಾಗ ನನಗೆ ಸಿಟ್ಟು ಬರುವುದು ಇದಕ್ಕೇ. ಅವರಿಗೆ ಬೇಕಿರುವುದು ಇನ್ನಿಬ್ಬರು ಸಿಸ್ಟರುಗಳು, ಅದನ್ನು ನಾನು ಕೊಡಲಾರೆ.

ಹಾಗಾಗಿ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಏನು ಕೇಳಬೇಕು ಅಂತ ಇಬ್ಬರೂ ಕೂತು ಬರೆದೆವು. ನಾಲ್ಕು ಕೇಳಿದ್ದರಲ್ಲಿ ಎರಡು ಸಿಕ್ಕವು. ಸತತವಾಗಿ ಮೂರಕ್ಕಿಂತ ಹೆಚ್ಚು ನೈಟ್ ಇಲ್ಲ, ತೀರಾ ಗಂಭೀರ ರೋಗಿಗಳ ಕಡೆ ಒಬ್ಬರನ್ನೇ ವಾರಗಟ್ಟಲೆ ಹಾಕುವುದಿಲ್ಲ. ಹೆಚ್ಚಿಗೆ ಜನ ಸಿಗಲಿಲ್ಲ. ಊಟಕ್ಕೆ ನಿಗದಿಯಾದ ಅರ್ಧ ಗಂಟೆಯೂ ಸಿಗಲಿಲ್ಲ.

ಇನ್ನೊಂದನ್ನು ಅವರೇ ಶುರುಮಾಡಿದರು. ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಅನ್ನುವ ಎಮರ್ಜೆನ್ಸಿ ನರ್ಸ್ ಒಬ್ಬರು, ರೋಗಿ ತೀರಿಕೊಂಡಾಗ ಸುತ್ತ ಇದ್ದವರೆಲ್ಲ ಅಲ್ಲೇ ನಿಂತು ಸ್ವಲ್ಪ ಹೊತ್ತು ಮೌನ ಇರುವ ರೂಢಿ ತಂದರು, ಅದು ಬೇರೆ ಆಸ್ಪತ್ರೆಗಳಿಗೂ ಹಬ್ಬಿತು ಅಂತ ನಾನು ಮಾತಿನ ಮಧ್ಯೆ ಹೇಳಿದ್ದೆ. ಮೊದಲ ಸಲ ಇವರು "ಅರ್ಧ ನಿಮಿಷ ನಿಲ್ಲೋಣ" ಅಂದಾಗ ಒಬ್ಬ ಜೂನಿಯರ್ ಡಾಕ್ಟರಿಗೆ ನಗು ಬಂತಂತೆ, ಮುಜುಗರದ ನಗು. ನೆಲ ಒರೆಸಲು ಬಂದಿದ್ದ ಆಯಾ ಮಾತ್ರ ಮಾಪ್ ಗೋಡೆಗೆ ಒರಗಿಸಿ ಕೈ ಮುಗಿದು ನಿಂತರು. ಮೂರನೇ ಸಲಕ್ಕೆ ಆ ಡಾಕ್ಟರೇ ಗ್ಲೌಸ್ ಬಿಚ್ಚದೆ ಕಾದರು.

ಮನೆಯ ವಿಷಯಕ್ಕೆ ನಾನು ಹೇಳಿದ್ದು ಸಣ್ಣದು. ಡ್ಯೂಟಿ ಮುಗಿಸಿ ಬಂದಾಗ ಮಗಳ ಹತ್ತಿರ "ಹತ್ತು ನಿಮಿಷ ಕೊಡು, ಆಮೇಲೆ ನಾನು ನಿನ್ನವಳು" ಅಂತ ಬಾಯಿಬಿಟ್ಟು ಹೇಳಿ, ಸುಮ್ನೆ ಮುಖ ಗಂಟುಹಾಕಿಕೊಂಡು ಕೂರಬೇಡಿ. ಮಗಳು ಈಗ ಗಡಿಯಾರ ಹಿಡಿದು ಬಾಗಿಲಲ್ಲೇ ಕಾಯುತ್ತಾಳಂತೆ. ಹತ್ತು ಅಂದರೆ ಹತ್ತೇ, ಹನ್ನೊಂದಾಗುವ ಹಾಗಿಲ್ಲ.

ಎರಡೂವರೆ ತಿಂಗಳಾದ ಮೇಲೆ ಒಂದು ದಿನ ಬಂದು ಕೂತರು. ಹಿಂದಿನ ರಾತ್ರಿ ಒಬ್ಬ ಹೆಂಗಸಿಗೆ ಗಂಡ ತೀರಿಕೊಂಡ ಸುದ್ದಿಯನ್ನು ಇವರೇ ಹೇಳಬೇಕಾಯಿತಂತೆ. ಕೌಂಟರಿಂದ ಈಚೆ ಬಂದರು, ಕೂತರು, ಹೇಳಿದರು, ಬಾಯಿ ಮುಚ್ಚಿಕೊಂಡರು. ಆಯಮ್ಮ ಇವರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಎಷ್ಟು ಹೊತ್ತು ಅಂತ ಕೇಳಿದೆ. ಮೂರು ನಿಮಿಷ ಇರಬಹುದು ಅಂದರು.

"ಆಮೇಲೆ? ಅಳು ಬಂತಾ?"

"ಬಂತು ಸ್ವಲ್ಪ. ಅಷ್ಟರಲ್ಲಿ ಆರನೇ ಬೆಡ್ಡಿನ ಡ್ರಿಪ್ ಖಾಲಿಯಾಗಿತ್ತು ಮೇಡಂ, ಎದ್ದು ಹೋದೆ." ಒಂದು ಕ್ಷಣ ಬಿಟ್ಟು ತಾವೇ ತಿದ್ದಿಕೊಂಡು, ಆರನೇ ಬೆಡ್ಡಿನಲ್ಲಿದ್ದವರ ಹೆಸರು ಹೇಳಿದರು.