ಪ್ರತಿಕ್ರಿಯೆ: ತಲೆಬುರುಡೆಯ ಅಳತೆಯಿಂದ ಫರೋಗಳ (ಪ್ರಾಚೀನ ಈಜಿಪ್ಟಿನ ರಾಜರ) ಅಪ್ಪ-ಮಗ ಸಂಬಂಧ ಗೊತ್ತಾಗುತ್ತದೆಯೇ?

ನೀವು ಕೇಳಿದ್ದಕ್ಕೆ ಉತ್ತರ: ಅಳತೆಯಿಂದ ಹೋಲಿಕೆ ಗೊತ್ತಾಗುತ್ತದೆ, ಸಂಬಂಧ ಸಾಬೀತಾಗುವುದಿಲ್ಲ.

ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲಿ ಮೊದಲು ಸೆಲ್ಲಾ (ಮಿದುಳಿನ ಕೆಳಗೆ ಪಿಟ್ಯುಟರಿ ಗ್ರಂಥಿ ಕೂರುವ ಗುಳಿಯ ನಡು), ನೇಸಿಯನ್ (ಮೂಗಿನ ಮೂಳೆ ಹಣೆಗೆ ಸೇರುವ ಜಾಗ), ಮೇಲ್ದವಡೆಯ ಮುಂಭಾಗದ ಎ, ಕೆಳದವಡೆಯ ಮುಂಭಾಗದ ಬಿ ಬಿಂದುಗಳನ್ನು ಗುರುತಿಸಿ, ಅವುಗಳನ್ನು ಸೇರಿಸುವ ಗೆರೆಗಳ ಉದ್ದ, ಕೋನ ಅಳೆಯುತ್ತಾರೆ. ಉದ್ದಕ್ಕಿಂತ ಕೋನವನ್ನೇ ನಂಬಿ. ಎಕ್ಸ್-ರೇ ಮೂಲ ತಲೆಯ ನಡುವಿನಿಂದ 152 ಸೆಂ.ಮೀ., ಫಿಲ್ಮ್ 15 ಸೆಂ.ಮೀ. ದೂರವಿದ್ದರೆ ಚಿತ್ರ ಸುಮಾರು 10% ದೊಡ್ಡದಾಗುತ್ತದೆ, ಕೋನ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆದರೆ ತಲೆ ವಾಲಿದ್ದರೆ ಕೋನವೂ ಕೆಡುತ್ತದೆ. ಮಮ್ಮಿಯ ಕುತ್ತಿಗೆಯನ್ನು ನೇರ ಮಾಡಲು ಸಾಧ್ಯವೇ? ಬಾಯಿ ತೆರೆದೇ ಗಟ್ಟಿಯಾಗಿದ್ದರೆ ಬಿ ಬಿಂದು ಹಿಂದೆ-ಕೆಳಗೆ ಸರಿದು, ಇಲ್ಲದ ಉಬ್ಬುಹಲ್ಲು ಕಾಣುತ್ತದೆ. ಮಮ್ಮಿ ಮಾಡುವಾಗ ತಲೆಯೊಳಗೆ ಸುರಿದ ರಾಳವೂ ಗುರುತುಗಳನ್ನು ಮುಚ್ಚುತ್ತದೆ.

ಇನ್ನೊಂದು ತೊಡಕು, ರಾಜಮನೆತನದವರೇ ತಮ್ಮೊಳಗೆ ಮಾಡಿಕೊಂಡ ಮದುವೆಗಳು. ಅಣ್ಣ, ಚಿಕ್ಕಪ್ಪ, ಮಗ ಎಲ್ಲರದೂ ಒಂದೇ ಮುಖವಾದಾಗ ಯಾರು ಯಾರಿಗೆ ಹುಟ್ಟಿದರೆಂದು ಕೋನ ಹೇಳದು.

ಯಾರು ಯಾರ ಅಪ್ಪನಾಗಿರಬಹುದೆಂದು ತಿಳಿಯಲು ಸತ್ತಾಗಿನ ವಯಸ್ಸೂ ಬೇಕು; ಅದಕ್ಕೆ ಹಲ್ಲಿನ ಸವೆತ ನೋಡುವಾಗಲೂ ಎಚ್ಚರ. ಆಗಿನ ಈಜಿಪ್ಟಿನ ರೊಟ್ಟಿಯಲ್ಲಿ ಮರಳು, ಬೀಸುವ ಕಲ್ಲಿನ ಪುಡಿ ಇರುತ್ತಿತ್ತು. ನಮ್ಮ ಹಲ್ಲಿನ ಲೆಕ್ಕ ಹಾಕಿದರೆ ವಯಸ್ಸು ಹೆಚ್ಚು ಬರುತ್ತದೆ. ಎಳೆಯರಲ್ಲಿ ಬುದ್ಧಿಹಲ್ಲಿನ ಬೇರಿನ ತುದಿ ಮುಚ್ಚಿದೆಯೇ ಎಂಬುದೇ ಮೇಲು.

ಒಂದು ಉದಾಹರಣೆ: ಈಜಿಪ್ಟಿನ ರಾಜರ ಕಣಿವೆಯ ಕೆವಿ 35 ಸಮಾಧಿಯಲ್ಲಿ ಸಿಕ್ಕ 'ಹಿರಿಯ ಮಹಿಳೆ' ಎಂಬ ಮಮ್ಮಿಯನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೇಮ್ಸ್ ಹ್ಯಾರಿಸ್ ತಂಡ 1978ರಲ್ಲಿ ಮುಖದ ಅಳತೆ, ಕೂದಲು ಎರಡನ್ನೂ ಸೇರಿಸಿ ರಾಣಿ ತೀಯೆ ಎಂದಿತು. 2010ರ ಡಿಎನ್‌ಎ ಪರೀಕ್ಷೆ ಆಕೆ ತೀಯೆಯ ಅಪ್ಪ-ಅಮ್ಮಂದಿರಾದ ಯುಯಾ-ತುಯಾರ ಮಗಳೆಂದು ಹೇಳಿತು.