ಇನ್ನೆಷ್ಟು ಕಲ್ಲು ನೋಡಬೇಕು?

ದಾವಣಗೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಪತ್ರ ಉದ್ದವಿದೆ, ಮುಖ್ಯ ಭಾಗ ಇದು:

"ನಿಮ್ಮ ಪತ್ರಿಕೆಯಲ್ಲಿ ಬಂದಿದ್ದ 'ಒಂದೇ ದಿನದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ' ಓದಿ ಹಾಗೇ ಹೊರಟೆವು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಾಡಿಗೆ ಗಾಡಿ ಹತ್ತಿದ್ದು. ಮಧ್ಯಾಹ್ನದ ಹೊತ್ತಿಗೆ ಯಾವ ಗುಡಿ ಯಾವುದು ಅಂತಲೇ ಗೊತ್ತಾಗಲಿಲ್ಲ. ಒಂಬತ್ತು ವರ್ಷದ ಮಗ 'ಅಮ್ಮಾ, ಇನ್ನೆಷ್ಟು ಕಲ್ಲು ನೋಡಬೇಕು?' ಅಂದ. ಐಹೊಳೆಯಲ್ಲಿ ಅವನು ನೋಡಿದ್ದು ಒಂದು ಬೀದಿನಾಯಿ ಮಾತ್ರ, ಹುಲ್ಲಿನ ಮೇಲೆ ಅದರ ಜೊತೆಗೇ ಇದ್ದ. ದುರ್ಗಾ ಗುಡಿಯಲ್ಲಿ ಪೂಜೆಗೆ ದುರ್ಗೆಯೇ ಇಲ್ಲ! ಶುಕ್ರವಾರವಾದ್ದರಿಂದ ಮ್ಯೂಸಿಯಂ ಬಾಗಿಲು ಹಾಕಿತ್ತು. ನಿಜ ಹೇಳಬೇಕೆಂದರೆ ನಮಗೆ ಇತಿಹಾಸ ಗೊತ್ತಿಲ್ಲ. ನಮ್ಮಂಥವರು ಇಂಥ ಜಾಗಗಳಿಗೆ ಹೋಗುವುದು ಫೋಟೋಕ್ಕಾಗಿಯೇ ಅಲ್ವಾ? ಅದರ ಬದಲು ಯಾವುದಾದರೂ ರೆಸಾರ್ಟಿಗೆ ಹೋಗಿದ್ದರೆ ಮಕ್ಕಳಾದರೂ ಖುಷಿ ಪಡುತ್ತಿದ್ದರು."

ಅಮ್ಮಾ, ಮೊದಲು ಕ್ಷಮೆ ಕೇಳುತ್ತೇನೆ. ಆ ಲೇಖನವನ್ನು ಪಾಸು ಮಾಡಿದ್ದು ನಾನೇ. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್, ಅಲ್ಲಿಂದ ಐಹೊಳೆಗೆ ಅದಕ್ಕಿಂತ ಕಡಿಮೆ. ಮ್ಯಾಪಿನಲ್ಲಿ ಬೆರಳಿಟ್ಟು ಅಳೆದರೆ ಒಂದು ದಿನ ಸಾಕು ಅನ್ನಿಸುತ್ತದೆ. ಗಾಡಿಗೆ ಸಾಕು, ಮನುಷ್ಯರಿಗೆ ಸಾಲದು. ಪುರಾತತ್ವ ಇಲಾಖೆ ಇಂಥ ಜಾಗಗಳಲ್ಲಿ ಇಟ್ಟಿರುವ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ, ಗುಹೆ ಗುಡಿಗಳು ಮಾತ್ರ ತೆರೆದಿರುತ್ತವೆ. ಇಷ್ಟನ್ನಾದರೂ ನಾವು ಒಂದು ಸಾಲಿನಲ್ಲಿ ಹೇಳಬೇಕಿತ್ತು. ಹೇಳಲಿಲ್ಲ.

ನಾನೂ ಕಾಲೇಜಿನ ದಿನಗಳಲ್ಲಿ ಇದೇ ಸುತ್ತು ಸುತ್ತಿದವನು. ಮೂರೂ ಊರು ಒಂದೇ ದಿನ. ಮನೆಗೆ ಬಂದು ನೆನಪು ಮಾಡಿಕೊಂಡರೆ ತಲೆಯಲ್ಲಿ ಉಳಿದದ್ದು ಎರಡೇ: ಖಾನಾವಳಿಯ ಜೋಳದ ರೊಟ್ಟಿ ಎಣ್ಣೆಗಾಯಿ, ಮತ್ತು ಗುಹೆಯ ಮೆಟ್ಟಿಲ ಮೇಲೆ ನನ್ನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡ ಕೋತಿ. ನಿಮ್ಮ ಮಗ ನನಗಿಂತ ವಾಸಿ. ಅವನಿಗೆ ನಾಯಿಯ ಜೊತೆ ಸ್ನೇಹವಾದರೂ ಆಯಿತು.

ಎರಡನೇ ಸಲ ಹೋದಾಗ ಅದೃಷ್ಟಕ್ಕೆ ಬಸ್ಸು ತಪ್ಪಿತು. ಪಟ್ಟದಕಲ್ಲಿನಲ್ಲಿ ಮೂರು ಗಂಟೆ ಸುಮ್ನೆ ಕೂರಬೇಕಾಯಿತು. ಅಲ್ಲಿ ಹತ್ತಿರ ಹತ್ತಿರ ಹತ್ತು ಗುಡಿಗಳಿವೆ, ಎಲ್ಲಾ ನೋಡಿ ಮುಗಿಸಿ ಆಗಿತ್ತು. ಮಾಡಲು ಕೆಲಸವಿಲ್ಲದೆ ವಿರೂಪಾಕ್ಷ ಗುಡಿಯ ಪೂರ್ವದ ಬಾಗಿಲ ಹತ್ತಿರ ಕೂತಿದ್ದೆ. ಅಲ್ಲೇ ಇದ್ದ ಹಿರಿಯ ಗೈಡ್ ಒಬ್ಬರಿಗೂ ಆ ಹೊತ್ತಿನಲ್ಲಿ ಗಿರಾಕಿ ಇರಲಿಲ್ಲ. ದುಡ್ಡಿನ ಮಾತೆತ್ತದೆ ಅಲ್ಲಿನ ಶಾಸನ ಏನು ಹೇಳುತ್ತದೆಂದು ತಿಳಿಸಿದರು. ಈ ಗುಡಿ ಕಟ್ಟಿದವನ ಹೆಸರು ಗುಂಡ. ಅನಿವಾರಿತಾಚಾರಿ ಎಂಬುದು ಅವನ ಬಿರುದು. ಕೆಲಸ ಮೆಚ್ಚಿ ಅವನಿಗೆ ಪಟ್ಟ ಕಟ್ಟಿ ಗೌರವಿಸಿದರು ಎಂದು ಕಲ್ಲಿನ ಮೇಲೆ ಬರೆದಿದೆ. ಕಟ್ಟಿಸಿದವಳು ಲೋಕಮಹಾದೇವಿ, ಬಾದಾಮಿಯಿಂದ ಆಳಿದ ಚಾಲುಕ್ಯರ ದೊರೆ ಎರಡನೇ ವಿಕ್ರಮಾದಿತ್ಯನ ರಾಣಿ. ಇದೇ ಗುಡಿಯ ಇನ್ನೊಂದು ಶಾಸನದಲ್ಲಿ, ಹಾಡುವವರಿಗೆ ಹಿಂದಿನಿಂದ ಬಂದ ಹಕ್ಕುಗಳನ್ನು ಆಕೆ ಉಳಿಸಿಕೊಟ್ಟದ್ದೂ ಇದೆ.

ಗುಂಡ! ನಮ್ಮ ಬೀದಿಯಲ್ಲೇ ಒಬ್ಬ ಗುಂಡ ಇದ್ದಾನೆ. ಆ ಹೆಸರು ಕಿವಿಗೆ ಬಿದ್ದ ಮೇಲೆ ಎದ್ದು ಹೋಗಿ ಅದೇ ಗುಡಿಯನ್ನು ಮತ್ತೆ ನೋಡಿದೆ. ಎರಡು ಗಂಟೆಯ ಹಿಂದೆ 'ಕೆತ್ತನೆ ಚೆನ್ನಾಗಿದೆ' ಎಂದು ದಾಟಿ ಹೋಗಿದ್ದ ಕಂಬಗಳಲ್ಲಿ ಈಗ ರಾಮಾಯಣದ ಕತೆ ಕಂಡಿತು, ಮಹಾಭಾರತದ್ದು ಕಂಡಿತು. ಕಂಬ ಹೊಸದಾಗಿ ಏನೂ ಆಗಿರಲಿಲ್ಲ. ಯಾರೋ ಒಬ್ಬ ಕೂತು ಮಾಡಿದ ಕೆಲಸ ಇದು ಎಂಬುದು ಆಗ ತಲೆಗೆ ಹೋಯಿತು.

ಅದಾದ ಮೇಲೆ ನಾನು ಎಲ್ಲಿಗೆ ಹೋದರೂ ಮಾಡುವುದು ಒಂದೇ. ಮೊದಲು ಒಂದು ಹೆಸರು ಹುಡುಕುತ್ತೇನೆ. ಶತಮಾನ, ಶೈಲಿ, ನಾಗರ, ದ್ರಾವಿಡ ಎಲ್ಲ ಆಮೇಲೆ. ಗೈಡ್ ಸಿಕ್ಕರೆ 'ಎಲ್ಲಾ ತೋರಿಸಿ' ಎನ್ನುವುದಿಲ್ಲ, 'ನಿಮಗೆ ಇಷ್ಟವಾದ ಒಂದೇ ಒಂದು ಜಾಗ ತೋರಿಸಿ' ಎನ್ನುತ್ತೇನೆ. ಹಾಗೆ ಕೇಳಿದರೆ ಅವರು ಬಾಯಿಪಾಠ ಬಿಟ್ಟು ಮಾತಾಡುತ್ತಾರೆ. ನೀವೂ ಒಮ್ಮೆ ಕೇಳಿ ನೋಡಿ.

ಈಗ ನಿಮ್ಮ 'ಇತಿಹಾಸ ಗೊತ್ತಿಲ್ಲ' ಎಂಬ ಮಾತು. ಇದನ್ನು ನಾನು ಒಪ್ಪುವುದಿಲ್ಲ. ನಿಮಗೆ ಕನ್ನಡ ಗೊತ್ತಿದೆ. ಬಾದಾಮಿಗೆ ಅಷ್ಟು ಸಾಕು.

ಮೂರನೇ ಗುಹೆಯನ್ನೇ ತೆಗೆದುಕೊಳ್ಳಿ. ಅದು ಆದದ್ದು 578ರಲ್ಲಿ, ಮಂಗಳೇಶನ ಕೈಯಲ್ಲಿ. ಆಗ ಅವನ ಅಣ್ಣ ಕೀರ್ತಿವರ್ಮ ಚಾಲುಕ್ಯರ ರಾಜ. ತಾರೀಖು ಕಲ್ಲಿನ ಮೇಲೇ ಇದೆ. ಅಲ್ಲಿ ಮಂಗಳೇಶನ ಒಂದು ಕನ್ನಡ ಶಾಸನವೂ ಇದೆ. ಲಂಜಿಗೇಸರ ಎಂಬ ಊರನ್ನು ಗುಹೆಗೆ ಬಿಟ್ಟುಕೊಟ್ಟದ್ದನ್ನು ಅದು ಹೇಳುತ್ತದೆ, ಹೂಮಾಲೆ ಕಟ್ಟುವವರನ್ನೂ ಮರೆಯುವುದಿಲ್ಲ. ಆ ಶಾಸನ ಈ ಗುಹೆಯನ್ನು ಏನೆಂದು ಕರೆಯುತ್ತದೆ ಗೊತ್ತೇ? 'ಕಲ್ಮನೆ'. ಕಲ್ಲಿನ ಮನೆ. ಗುಹಾಂತರ ದೇವಾಲಯ, ಶೈಲೋತ್ಖನಿತ ವಾಸ್ತು ಎಂದೆಲ್ಲ ನಾವು ಬೋರ್ಡಿನ ಮೇಲೆ ಬರೆದು ಮಕ್ಕಳನ್ನು ಹೆದರಿಸುತ್ತೇವೆ. 1,400 ವರ್ಷದ ಹಿಂದಿನವರು ಕಲ್ಮನೆ ಎಂದು ಮುಗಿಸಿದ್ದರು. ನಿಮ್ಮ ಮಗ 'ಇನ್ನೆಷ್ಟು ಕಲ್ಲು' ಎಂದನಲ್ಲ, ಅವನಿಗೆ ಈ ಮಾತು ಹೇಳಿ. ಅವನ ಲೆಕ್ಕ ತೀರಾ ತಪ್ಪೇನಲ್ಲ.

ಅದೇ ಊರಿನ ಕೆರೆ ಅಗಸ್ತ್ಯ ತೀರ್ಥದ ಈಶಾನ್ಯದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರದು. ರಾಜನ ದಾನವಲ್ಲ, ಗೆದ್ದ ಊರುಗಳ ಪಟ್ಟಿಯಲ್ಲ. ಅರಭಟ್ಟ ಎಂಬ ಒಬ್ಬ ಎಂಥವನು ಎಂದು ಅದು ಹೇಳುತ್ತದೆ. 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್ ಮಾಧವನೀತನ್ ಪೆರನಲ್ಲ.' ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾದವರಿಗೆ ಸಿಹಿ, ಕಾಟ ಕೊಡಲು ಬಂದರೆ ಮಾತ್ರ ಇವನನ್ನು ಹಿಡಿಯಲಾಗದು. ನಮಗೆ ಸಿಕ್ಕಿರುವ ತ್ರಿಪದಿಗಳಲ್ಲಿ ಎಲ್ಲಕ್ಕಿಂತ ಹಳೆಯದು ಇದು. ಬೀಸುಕಲ್ಲಿನ ಮುಂದೆ ನಮ್ಮ ಅಜ್ಜಿಯರು ಹಾಡಿದ್ದೂ ತ್ರಿಪದಿಯಲ್ಲೇ. ಆ ಕಾಲದ ಅಕ್ಷರ ಬೇರೆ, ನಾನೂ ನೀವೂ ಓದಲಾರೆವು. ಯಾರಾದರೂ ಗಟ್ಟಿಯಾಗಿ ಓದಿದರೆ ಅರ್ಧಕ್ಕಿಂತ ಜಾಸ್ತಿ ತಿಳಿಯುತ್ತದೆ. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ. ಅದಕ್ಕೇ ಹೇಳಿದ್ದು, ಕನ್ನಡ ಬಂದರೆ ಸಾಕು ಅಂತ.

ಬಾದಾಮಿಯಲ್ಲೇ ಇನ್ನೊಂದು ಬಂಡೆಯ ಮೇಲೆ ಪಲ್ಲವ ನರಸಿಂಹವರ್ಮನ ಶಾಸನವಿದೆ. ಅಂದರೆ ಶತ್ರುವಿನದು! 642ರ ಹೊತ್ತಿಗೆ ಅವನು ಇಮ್ಮಡಿ ಪುಲಕೇಶಿಯನ್ನು ಸೋಲಿಸಿ, ಬಾದಾಮಿ ಹಿಡಿದು, 'ವಾತಾಪಿಕೊಂಡ', ಅಂದರೆ ಬಾದಾಮಿ ಗೆದ್ದವನು, ಎಂದು ಬಿರುದು ಇಟ್ಟುಕೊಂಡ. ನಮ್ಮ ರಾಜಧಾನಿಯ ಬಂಡೆಯ ಮೇಲೆಯೇ ಬರೆಸಿ ಹೋದ. ಸುಮಾರು ನೂರು ವರ್ಷದ ನಂತರ ಎರಡನೇ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಯನ್ನು ಗೆದ್ದ. ಸೇಡು ತೀರಿಸಲು ಊರು ಸುಡಬಹುದಿತ್ತು ತಾನೇ? ಕಂಚಿಯ ಕೈಲಾಸನಾಥ ಗುಡಿಯ ಒಂದು ಕಂಬದ ಮೇಲೆ ಇವತ್ತಿಗೂ ಅವನ ಶಾಸನವಿದೆ, ಕನ್ನಡದಲ್ಲಿ. ಗುಡಿಯ ಐಶ್ವರ್ಯವನ್ನು ನೋಡಿ ದೇವರಿಗೇ ಮರಳಿ ಬಿಟ್ಟೆ ಎಂಬುದು ಅದರ ಸಾರ. ಕಂಚಿಗೆ ಸೀರೆಗೆಂದು ಹೋಗುವವರು ನಮ್ಮಲ್ಲಿ ಎಷ್ಟು ಜನ! ಆ ಕಂಬ ನೋಡಿ ಬಂದವರು ನನಗೆ ಇಬ್ಬರೋ ಮೂವರೋ ಸಿಕ್ಕಿದ್ದಾರೆ ಅಷ್ಟೇ.

ಆ ಗೆಲುವಿನ ನೆನಪಿಗೇ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದ್ದು. ಪಕ್ಕದ ಮಲ್ಲಿಕಾರ್ಜುನ ಗುಡಿಯನ್ನು ಇನ್ನೊಬ್ಬ ರಾಣಿ, ತ್ರೈಲೋಕ್ಯಮಹಾದೇವಿ ಕಟ್ಟಿಸಿದಳು. ಒಂದೇ ಗೆಲುವು, ಎರಡು ಗುಡಿ. ಯಾವ ಗುಡಿ ಯಾವುದು ಎಂದು ನಿಮಗೆ ಗೊತ್ತಾಗಲಿಲ್ಲ ಎಂದಿರಲ್ಲ, ಈ ಎರಡಂತೂ ಒಂದೇ ಥರವೇ ಇವೆ, ಅದು ನಿಮ್ಮ ಕಣ್ಣಿನ ತಪ್ಪಲ್ಲ.

ದುರ್ಗೆಯಿಲ್ಲದ ದುರ್ಗಾ ಗುಡಿಯ ವಿಚಾರ. ಆ ಹೆಸರು ದೇವಿಯಿಂದ ಬಂದದ್ದಲ್ಲ, ದುರ್ಗದಿಂದ ಬಂದದ್ದು. ಒಂದು ಕಾಲಕ್ಕೆ ಅಲ್ಲಿ ಕೋಟೆ ಇತ್ತು. ಗುಡಿಯ ಸುತ್ತಿನ ಪಡಸಾಲೆಯಲ್ಲಿ ಮಹಿಷಮರ್ದಿನಿ ಇದ್ದಾಳೆ, ಅಷ್ಟರ ಮಟ್ಟಿಗೆ ದುರ್ಗೆ ಇದ್ದಾಳೆ ಅನ್ನಿ. ಐಹೊಳೆಯ ಹೆಸರುಗಳೇ ಹಾಗೆ, ಲಾಡಖಾನ್ ಗುಡಿ ಎಂಬುದು ಅಲ್ಲಿ ವಾಸವಿದ್ದವರೊಬ್ಬರ ಹೆಸರು. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ. ದೇವರ ಹೆಸರು ಮರೆತುಹೋಗಿ ಊರವರ ಹೆಸರು ಉಳಿಯಿತು. ನನಗೆ ಇದು ಬೇಸರದ ಸಂಗತಿ ಅನ್ನಿಸುವುದಿಲ್ಲ.

ಇನ್ನು ಪ್ರಯಾಣದ ಪ್ಲಾನ್. ಇನ್ನೊಮ್ಮೆ ಹೋಗುವುದಾದರೆ ಬಾದಾಮಿಗೇ ಒಂದು ದಿನ ಪೂರ್ತಿ ಕೊಡಿ, ಶುಕ್ರವಾರ ಬಿಟ್ಟು. ಬೆಳಿಗ್ಗೆ ಬಿಸಿಲು ಏರುವ ಮೊದಲು ಗುಹೆ. ಮೊದಲ ಗುಹೆಯ ಪಕ್ಕದ ನಟರಾಜನಿಗೆ 18 ಕೈ. ಬಲದ ಒಂದು, ಎಡದ ಒಂದು ಕೈ ಜೋಡಿಸಿದರೆ ಒಂದೊಂದು ಭಂಗಿ, ಒಟ್ಟು ಎಷ್ಟಾಯಿತು ಎಂದು ಮಗನಿಗೆ ಲೆಕ್ಕ ಕೊಡಿ. ಒಂಬತ್ತೊಂಬತ್ಲಿ ಎಂಬತ್ತೊಂದು. ತಿಂಡಿ ಪೊಟ್ಟಣ ಮಾತ್ರ ಕೈಯಲ್ಲಿ ಹಿಡಿಯಬೇಡಿ, ಕೋತಿಗಳ ಬಗ್ಗೆ ಮೇಲೆ ಹೇಳಿದ್ದೇನೆ. ಮಧ್ಯಾಹ್ನ ಊಟ ಮಾಡಿ ನಿದ್ದೆ ತೆಗೆಯಿರಿ. ಆಮೇಲೆ ಮ್ಯೂಸಿಯಂ. ಮ್ಯೂಸಿಯಂ ಅನ್ನು ಕೊನೆಗೆ ಇಡಿ ಎನ್ನುವುದಕ್ಕೆ ಕಾರಣವಿದೆ. ಬೆಳಿಗ್ಗೆ ಬಂಡೆಯಲ್ಲಿ ದೂರದಿಂದ, ಎತ್ತರದಲ್ಲಿ ಕಂಡಂಥದ್ದು ಅಲ್ಲಿ ಮೂಗಿನ ಮಟ್ಟಕ್ಕೆ ಸಿಗುತ್ತದೆ. ಉಳಿಯ ಗುರುತು ಕಾಣುತ್ತದೆ. ಅಲ್ಲಿ ಲಜ್ಜಾಗೌರಿಯ ಶಿಲ್ಪವೂ ಇದೆ, ತಲೆಯ ಜಾಗದಲ್ಲಿ ತಾವರೆ, ಹೆರುವ ಭಂಗಿ. ಮಕ್ಕಳು ಏನಿದು ಎಂದು ಕೇಳಿದರೆ ಕೈ ಹಿಡಿದು ಎಳೆದುಕೊಂಡು ಹೋಗಬೇಡಿ. ಮಕ್ಕಳಾಗಲಿ ಎಂದು ಜನ ಬೇಡಿಕೊಳ್ಳುತ್ತಿದ್ದ ತಾಯಿ ಎಂದರೆ ಅವರಿಗೆ ಅರ್ಥವಾಗುತ್ತದೆ. ಮುಜುಗರ ನಮಗೆ, ಅವರಿಗಲ್ಲ. ಸಂಜೆ ಕೆರೆಯ ಆ ತುದಿಗೆ, ಭೂತನಾಥ ಗುಡಿಯ ಮೆಟ್ಟಿಲಿಗೆ ಹೋಗಿ ಕೂತರೆ ಮುಗಿಯಿತು. ಏನನ್ನೂ ವಿವರಿಸಲು ಹೋಗಬೇಡಿ.

ಮರುದಿನ ಮಹಾಕೂಟ, ಆಮೇಲೆ ಪಟ್ಟದಕಲ್ಲು. ಮಹಾಕೂಟದ ಹೊಂಡದಲ್ಲಿ ಮಕ್ಕಳು ನೀರಿಗಿಳಿಯಬಹುದು, ರೆಸಾರ್ಟಿನ ಆಸೆ ಅಲ್ಲಿಗೆ ತೀರುತ್ತದೆ. ಮಹಾಕೂಟದ ಹೆಸರಾಂತ ಶಾಸನದ ಕಂಬ ಹುಡುಕಿದರೆ ಅಲ್ಲಿ ಸಿಗುವುದಿಲ್ಲ, ಅದು ಈಗ ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಂನಲ್ಲಿದೆ. ಐಹೊಳೆಯನ್ನು ಇನ್ನೊಂದು ವರ್ಷಕ್ಕೆ ಬಿಡಿ. ಹೋದಾಗ ಮೇಗುತಿ ಗುಡ್ಡ ಹತ್ತಿ. ಅಲ್ಲಿ 634ರಲ್ಲಿ ರವಿಕೀರ್ತಿ ಎಂಬ ಕವಿ ಬರೆಸಿದ ಸಂಸ್ಕೃತ ಶಾಸನವಿದೆ. ಪುಲಕೇಶಿಯ ಮುಂದೆ ಉತ್ತರದ ದೊರೆ ಹರ್ಷನಿಗೆ ಹರ್ಷವೇ ಹಾರಿಹೋಯಿತು ಎಂದು ಅದರಲ್ಲಿ ಒಂದು ತಮಾಷೆ ಇದೆ. ಕವಿಯ ಜಂಬಕ್ಕೂ ಕಡಿಮೆಯಿಲ್ಲ, ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ಕೂರಿಸಿಕೊಂಡಿದ್ದಾನೆ.

ಫೋಟೋ ತೆಗೆಯುವುದರ ಬಗ್ಗೆ ನನಗೆ ತಕರಾರಿಲ್ಲ. ತೆಗೆಯಿರಿ. ಮನೆಗೆ ಬಂದು ನೋಡುವಾಗ 'ಇದು ಗುಂಡನ ಗುಡಿ' ಎನ್ನುವಂತಿದ್ದರೆ ಸಾಕು.

ಕೊನೆಗೆ ನಿಮ್ಮ ಮಗನಿಗೆ ಒಂದು ಮಾತು. ಬೆಂಗಳೂರಿಗೆ ಬಂದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಅವನನ್ನು ಕರೆದುಕೊಂಡು ಹೋಗಿ. 1865ರಲ್ಲಿ ಶುರುವಾದ ಸಂಸ್ಥೆ, ಕಟ್ಟಡವೂ ಹಳೆಯದು. ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೊರಡಿ, ಇನ್ನೊಂದು ಶುಕ್ರವಾರ ಆಗುವುದು ಬೇಡ. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ವೀರಗಲ್ಲು ಅಲ್ಲಿಯದು. ಕಾಲ 949–50. ಮಣಲೆರ ಎಂಬ ವೀರ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ ಏನು ಬೇಕು ಕೇಳು ಎಂದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಮಣಲೆರ ಕೇಳಿದ್ದು ಒಡೆಯನ ಬೇಟೆನಾಯಿಯನ್ನು. ಆಮೇಲೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿನ ಮೇಲ್ಗಡೆ ನಾಯಿಯೂ ಹಂದಿಯೂ ಕಾದಾಡುತ್ತಿರುವುದನ್ನು ಕೆತ್ತಿದ್ದಾರೆ, ಅದನ್ನು ನೋಡಲು ಯಾರೂ ಓದಿಹೇಳಬೇಕಾಗಿಲ್ಲ.

ನಾಯಿಯ ಹೆಸರು ಕಾಳಿ. ಐಹೊಳೆಯ ನಾಯಿಗೆ ಅವನು ಏನು ಹೆಸರಿಟ್ಟಿದ್ದ, ಕೇಳಿ ಬರೆಯಿರಿ.