ಹಳೇ ಕಂಪ್ಯೂಟರ್‌ಗೆ ಹಗುರ ಸಿಸ್ಟಮ್: ಓದುಗರ ಪ್ರಶ್ನೆ, ನಮ್ಮ ಉತ್ತರ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅಲ್ಲಿಂದಾಚೆ ಈ ಅಂಕಣಕ್ಕೆ ಹಳೇ ಕಂಪ್ಯೂಟರ್ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇವೆ. ಅದರಲ್ಲಿ ನಾಲ್ಕನ್ನು ಈ ಸಲ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಗಳು ಕಾಲೇಜಿಗೆ ಹೋಗುವಾಗ ಕೊಡಿಸಿದ್ದ ಪುಟ್ಟ ನೆಟ್‌ಬುಕ್ ಮನೆಯಲ್ಲಿದೆ. ಇಂಟೆಲ್ ಆಟಮ್ ಎನ್270, 1 ಜಿಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ. ಕೀಬೋರ್ಡ್, ಪರದೆ ಎಲ್ಲ ಚೆನ್ನಾಗಿದೆ. ನನಗೆ ಕನ್ನಡದಲ್ಲಿ ಬರೆಯಬೇಕು, ನೆಟ್‌ನಲ್ಲಿ ದಿನಪತ್ರಿಕೆ ಓದಬೇಕು. ಅಂಗಡಿಯವರು ಗುಜರಿಗೆ ಹಾಕಿ ಅನ್ನುತ್ತಾರೆ. ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ನಡೆಯುತ್ತದೆಯೇ?
ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಗುಜರಿಗೆ ಹಾಕಬೇಡಿ ಸರ್. ಬರೆಯುವ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ಪತ್ರಿಕೆ ಓದುವುದು ಮಾತ್ರ ಸ್ವಲ್ಪ ಕಷ್ಟ, ಯಾಕೆ ಅಂತ ಹೇಳುತ್ತೇನೆ.

ಎನ್270 ಬಂದಿದ್ದು 2008ರಲ್ಲಿ. ಅದು 32 ಬಿಟ್‌ನ ಹಳೇ ಪೀಳಿಗೆಯ ಪ್ರೊಸೆಸರ್, ಈಗಿನವು 64 ಬಿಟ್‌ನವು. ಈಗಿನ ಲಿನಕ್ಸ್‌ಗಳಲ್ಲಿ ಹೆಚ್ಚಿನವು 32 ಬಿಟ್‌ನ ಕೈ ಬಿಟ್ಟಿವೆ. ಉಬುಂಟು 2019ರಲ್ಲೇ ಬಿಟ್ಟಿತು. ಕೊನೇವರೆಗೂ ಹಿಡಿದುಕೊಂಡಿದ್ದ ಡೆಬಿಯನ್ ಕೂಡ 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಲ್ಲಿ 32 ಬಿಟ್ ಇನ್‌ಸ್ಟಾಲರ್ ಕೊಡಲಿಲ್ಲ. ಹಾಗಾಗಿ ನೀವು ಡೆಬಿಯನ್ 12ರ ಮೇಲೆ ಕಟ್ಟಿದ ಆಂಟಿಎಕ್ಸ್ 23 ಹಾಕಿಕೊಳ್ಳಿ. ಅದರ 32 ಬಿಟ್ ಬೇಸ್ ಆವೃತ್ತಿ ಸಾಕು. ದೊಡ್ಡ ಡೆಸ್ಕ್‌ಟಾಪ್‌ನ ಬದಲು ಪರದೆ ಮೇಲೆ ವಿಂಡೋಗಳನ್ನು ತೆರೆದು ಜೋಡಿಸುವ ಐಸ್‌ಡಬ್ಲ್ಯೂಎಂ ಅನ್ನೋ ಪುಟ್ಟ ವಿಂಡೋ ಮ್ಯಾನೇಜರ್ ಇದೆ, ಹಿನ್ನೆಲೆಯಲ್ಲಿ ಸುಮ್ನೆ ಓಡುವ ಕೆಲಸಗಳು ಕಡಿಮೆ, ಆದ್ದರಿಂದ 1 ಜಿಬಿಯಲ್ಲಿ ಹೆಚ್ಚಿನ ಪಾಲು ನಿಮ್ಮ ಕೆಲಸಕ್ಕೇ ಉಳಿಯುತ್ತದೆ. ಮೊದಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿ. ವೈಫೈ, ಸೌಂಡ್, ಪರದೆ ಎಲ್ಲ ಸರಿ ಇದ್ದರೆ ಆಮೇಲೆ ಹಾರ್ಡ್‌ಡಿಸ್ಕ್‌ಗೆ ಹಾಕಿ. ಮಗಳ ಕಾಲೇಜಿನ ಫೋಟೋ, ಫೈಲು ಅದರಲ್ಲಿ ಇರಬಹುದು, ಮೊದಲು ಅವನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.

ಪಪ್ಪಿ ಲಿನಕ್ಸ್ ಹಾಕಿ ಅಂತ ಯಾರಾದರೂ ಹೇಳಬಹುದು. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ್ದು, ಇಡೀ ಸಿಸ್ಟಮ್ಮೇ ರ‍್ಯಾಮ್‌ಗೆ ಬಂದು ಕೂರುತ್ತದೆ, ಅದಕ್ಕೇ ಚುರುಕು. ಹಾರ್ಡ್‌ಡಿಸ್ಕ್ ಕೆಟ್ಟ ಕಂಪ್ಯೂಟರ್‌ಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಅದರಲ್ಲಿ ನಾವು ಮಾಮೂಲಿಯಾಗಿ ರೂಟ್ ಆಗಿಯೇ ಕೆಲಸ ಮಾಡುತ್ತಿರುತ್ತೇವೆ, ಅಂದರೆ ಏನು ಬೇಕಾದರೂ ಅಳಿಸುವ ಅಧಿಕಾರ ಸದಾ ಕೈಯಲ್ಲಿರುತ್ತದೆ. ದಿನಬಳಕೆಗೆ ಅದು ನನಗೆ ಇಷ್ಟವಿಲ್ಲ.

ಈಗ ಪತ್ರಿಕೆಯ ವಿಷಯ. ಸಿಸ್ಟಮ್ ಎಷ್ಟು ಹಗುರ ಬೇಕೋ ಅಷ್ಟು ಹಗುರದ್ದು ಸಿಗುತ್ತದೆ, ಹಗುರವಾದ ವೆಬ್‌ಸೈಟ್ ಸಿಗುವುದಿಲ್ಲ. ಒಂದು ಸುದ್ದಿಪುಟ ತೆರೆದರೆ ಜಾಹೀರಾತು, ವಿಡಿಯೋ, ಜಾವಾಸ್ಕ್ರಿಪ್ಟ್ ಎಲ್ಲ ಸೇರಿ ಇಡೀ ಆಂಟಿಎಕ್ಸ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ರ‍್ಯಾಮ್ ಒಂದು ಟ್ಯಾಬೇ ತಿನ್ನುತ್ತದೆ. ಕ್ರೋಮ್ 32 ಬಿಟ್ ಲಿನಕ್ಸ್ ಬಿಟ್ಟು 2016ಕ್ಕೇ ಆಯಿತು. ಫೈರ್‌ಫಾಕ್ಸ್ ಕೂಡ 145ನೇ ಆವೃತ್ತಿಯಿಂದ ಬಿಟ್ಟಿದೆ. ಅದರ ದೀರ್ಘಕಾಲದ 140ನೇ ಆವೃತ್ತಿಗೆ 2026ರ ಸೆಪ್ಟೆಂಬರ್‌ವರೆಗಾದರೂ ಅಪ್‌ಡೇಟ್ ಕೊಡುತ್ತೇವೆ ಅಂತ ಮೊಜಿಲ್ಲಾ ಹೇಳಿದೆ. ಅದನ್ನೇ ಬಳಸಿ, ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಹಾಕಿ, ಒಂದು ಸಲಕ್ಕೆ ಒಂದೇ ಟ್ಯಾಬ್ ತೆರೆಯಿರಿ. ಡಿಲ್ಲೋ ಥರದ ಪುಟ್ಟ ಬ್ರೌಸರ್‌ಗಳು ಬೇಗ ತೆರೆಯುತ್ತವೆ, ಆದರೆ ಜಾವಾಸ್ಕ್ರಿಪ್ಟ್ ನಡೆಸುವುದಿಲ್ಲ, ಎಷ್ಟೋ ಸೈಟುಗಳು ಖಾಲಿ ಖಾಲಿ ಕಾಣುತ್ತವೆ. ಬ್ಯಾಂಕ್ ಕೆಲಸವನ್ನಂತೂ ಇದರಲ್ಲಿ ಮಾಡಲೇಬೇಡಿ. ಅದು ಫೋನಿನಲ್ಲೇ ಇರಲಿ.

ಕನ್ನಡಕ್ಕೆ ಏನೂ ತೊಂದರೆ ಇಲ್ಲ. ಡೆಬಿಯನ್‌ನ ಕನ್ನಡ ಫಾಂಟ್ ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು, ಲೋಹಿತ್ ಮೂರೂ ಬರುತ್ತವೆ. ಟೈಪಿಂಗ್‌ಗೆ ಬೇರೆ ಸಾಫ್ಟ್‌ವೇರ್ ಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಭಾರತ ಆರಿಸಿದರೆ ಅದರೊಳಗೆ ಕನ್ನಡ ಕಗಪ ವಿನ್ಯಾಸ ಇದೆ, ಅದನ್ನು ಇಂಗ್ಲಿಷ್ ಜೊತೆ ಸೇರಿಸಿ, ಬದಲಾಯಿಸಲು ಒಂದು ಕೀಲಿ ಗೊತ್ತು ಮಾಡಿಕೊಳ್ಳಿ. ಇದು ಸಿಸ್ಟಮ್ ಒಳಗೇ ಇರುವ ಸೌಲಭ್ಯ, ಹೆಚ್ಚುವರಿ ರ‍್ಯಾಮ್ ಬೇಡುವುದಿಲ್ಲ. ನುಡಿಯಲ್ಲಿ ಕೈ ಪಳಗಿದ್ದರೆ ಬೇಗ ಒಗ್ಗುತ್ತದೆ. ಹಳೇ ನುಡಿಯಲ್ಲಿ ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲುಗಳು ಇದ್ದರೆ ಇಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ, ಗಾಬರಿಯಾಗಬೇಡಿ, ಯುನಿಕೋಡ್‌ಗೆ ಪರಿವರ್ತಿಸಿದರೆ ಸರಿಹೋಗುತ್ತವೆ. ಬರೆಯಲು ಲಿಬ್ರೆಆಫೀಸ್ ಹಾಕಿಕೊಳ್ಳಿ. ತೆರೆಯಲು ತಡ ಮಾಡುತ್ತದೆ, ತೆರೆದ ಮೇಲೆ ಕನ್ನಡದ ಒತ್ತಕ್ಷರಗಳು ಸರಿಯಾಗಿ ಬರುತ್ತವೆ.

ಸ್ವಲ್ಪ ಖರ್ಚು ಮಾಡಬಹುದಾದರೆ ಎರಡು ಕೆಲಸ ಮಾಡಿಸಿ. ಈ ನೆಟ್‌ಬುಕ್‌ಗಳು 2 ಜಿಬಿವರೆಗೆ ರ‍್ಯಾಮ್ ತೆಗೆದುಕೊಳ್ಳುತ್ತವೆ. ಲ್ಯಾಪ್‌ಟಾಪ್‌ನ ಡಿಡಿಆರ್2 ರ‍್ಯಾಮ್ ಬೇಕು, ಹೊಸದು ಸಿಗುವುದು ಕಷ್ಟ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಕೇಳಿಸಿ ನೋಡಿ. ಕೆಲವು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ತೆಗೆಯಲು ಬರುವುದಿಲ್ಲ, ಕೊಳ್ಳುವ ಮೊದಲು ಬಿಚ್ಚಿ ನೋಡಬೇಕು. ಇನ್ನೊಂದು, ಹಾರ್ಡ್‌ಡಿಸ್ಕ್ ಜಾಗಕ್ಕೆ ಚಿಕ್ಕ ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್. ರ‍್ಯಾಮ್ ಸಾಲದೆ ಸ್ವಾಪ್‌ಗೆ, ಅಂದರೆ ರ‍್ಯಾಮ್ ಬದಲು ಬಳಸುವ ಡಿಸ್ಕಿನ ಜಾಗಕ್ಕೆ, ಹೋದಾಗ ಇದರ ಬೆಲೆ ಗೊತ್ತಾಗುತ್ತದೆ.

ಪ್ರಶ್ನೆ: ಕೋರ್ 2 ಡ್ಯುಯೋ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿದೆ. ಯಾವ ಸೈಟ್ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಅಂತ ಬ್ರೌಸರ್ ಎಚ್ಚರಿಸುತ್ತದೆ. ಬೇರೆ ಲಿನಕ್ಸ್ ಹಾಕಿದರೂ ಅದೇ. ವೈರಸ್ ಇರಬಹುದಾ?
ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೂಲೆಯಲ್ಲಿರೋ ಗಡಿಯಾರ ನೋಡಿ. ಎಷ್ಟೋ ವರ್ಷ ಹಿಂದಿನ ತಾರೀಕು ತೋರಿಸುತ್ತಿದೆ ಅಲ್ವಾ? ಪ್ರತಿ ಸುರಕ್ಷಿತ ಸೈಟ್‌ಗೂ ಒಂದು ಪ್ರಮಾಣಪತ್ರ ಇರುತ್ತದೆ, ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆದಿರುತ್ತದೆ. ನಿಮ್ಮ ಕಂಪ್ಯೂಟರ್ ಇನ್ನೂ 2007ರಲ್ಲಿದ್ದರೆ ಎಲ್ಲ ಪ್ರಮಾಣಪತ್ರಗಳೂ ಅದರ ಲೆಕ್ಕದಲ್ಲಿ ಸುಳ್ಳು. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಸೆಲ್ ಇದೆ, ಸಾಮಾನ್ಯವಾಗಿ ಸಿಆರ್2032. ಅದು ಸತ್ತಿದೆ. ಪವರ್ ಕೇಬಲ್ ಕಿತ್ತು, ವಾಚ್ ಅಂಗಡಿಯಿಂದ ಹೊಸದು ತಂದು ಹಾಕಿ, ಕಂಪ್ಯೂಟರ್ ಆನ್ ಆದ ತಕ್ಷಣ ಸಿಗುವ ಬಯಾಸ್ ಸೆಟ್ಟಿಂಗ್‌ನಲ್ಲಿ ತಾರೀಕು ಸರಿ ಮಾಡಿ. ಎಚ್ಚರಿಕೆ ಬಂದಾಗ ಹಾಗೇ ಒಪ್ಪಿಕೊಂಡು ಮುಂದೆ ಹೋಗುವ ಅಭ್ಯಾಸ ಮಾತ್ರ ಬೇಡ.

ಪ್ರಶ್ನೆ: 2015ರ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ವಿಂಡೋಸ್ 11 ಹಿಡಿಯುವುದಿಲ್ಲ ಅಂತ ಬರುತ್ತದೆ. ಆಂಟಿಎಕ್ಸ್ ಹಾಕಲಾ?
ಓದುಗರು, ಹಾಸನ

ಉತ್ತರ: ಬೇಡ. ವಿಂಡೋಸ್ 11 ಹೊಸ ಪ್ರೊಸೆಸರ್ ಮತ್ತು ಟಿಪಿಎಂ 2.0 ಅನ್ನೋ ಸುರಕ್ಷತೆಯ ಸೌಲಭ್ಯ ಕೇಳುತ್ತದೆ, ಅದಕ್ಕೇ ನಿಮ್ಮದನ್ನು ಬೇಡ ಅನ್ನುತ್ತಿದೆ. ಲ್ಯಾಪ್‌ಟಾಪ್ ನಿಧಾನ ಅಂತೇನೂ ಅಲ್ಲ. 64 ಬಿಟ್ ಇದೆ, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿ ಆರಾಮಾಗಿ ಓಡುತ್ತದೆ. ಎಸ್‌ಎಸ್‌ಡಿ ಇಲ್ಲದಿದ್ದರೆ ಹಾಕಿಸಿ.

ಪ್ರಶ್ನೆ: ಪೆಂಟಿಯಂ 4, 512 ಎಂಬಿ ರ‍್ಯಾಮ್. ಯುನಿಕ್ಸ್ ಸರಿಯಾಗಿ ಕಲಿಯಬೇಕು, ಡೆಸ್ಕ್‌ಟಾಪ್ ಇಲ್ಲದಿದ್ದರೂ ಪರವಾಗಿಲ್ಲ. ಬಿಎಸ್‌ಡಿ ಹಾಕು ಅಂತ ಅಣ್ಣ ಹೇಳುತ್ತಾನೆ. ಯಾವ ಬಿಎಸ್‌ಡಿ?
ಬಿ.ಸಿ.ಎ. ವಿದ್ಯಾರ್ಥಿನಿ, ಮಂಗಳೂರು

ಉತ್ತರ: ನಿಮ್ಮ ಅಣ್ಣ ಹೇಳಿದ್ದು ಸರಿ. ನೆಟ್‌ಬಿಎಸ್‌ಡಿ ಹಾಕಿ. ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್‌ನ ವಂಶದ್ದು, 1993ರಿಂದ ಇದೆ, ತರಹೇವಾರಿ ಯಂತ್ರಗಳ ಮೇಲೆ ಓಡಬೇಕು ಅನ್ನೋದೇ ಅವರ ಹಟ. 2024ರ ಮಾರ್ಚ್‌ನಲ್ಲಿ ಬಂದ 10ನೇ ಆವೃತ್ತಿಯೂ 32 ಬಿಟ್ ಇಂಟೆಲ್ ಮೇಲೆ ನಡೆಯುತ್ತದೆ. ಫ್ರೀಬಿಎಸ್‌ಡಿ 15ನೇ ಆವೃತ್ತಿಗೆ 32 ಬಿಟ್ ಪಿಸಿಯನ್ನು ಬಿಟ್ಟಿತು. ಓಪನ್‌ಬಿಎಸ್‌ಡಿ ಇನ್ನೂ ಬಿಟ್ಟಿಲ್ಲ, ಸುರಕ್ಷತೆಯ ವಿಷಯದಲ್ಲಿ ಅದಕ್ಕೆ ತುಂಬ ಒಳ್ಳೇ ಹೆಸರು. ಆದರೆ ಸುರಕ್ಷತೆಗಾಗಿಯೇ ಪ್ರತಿ ಬೂಟ್‌ಗೂ ಅದು ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಭಾಗಗಳನ್ನು ಬೇರೆ ಕ್ರಮದಲ್ಲಿ ಮತ್ತೆ ಜೋಡಿಸುತ್ತದೆ, ಹಳೇ ಹಾರ್ಡ್‌ಡಿಸ್ಕ್ ಮೇಲೆ ಆ ಕೆಲಸ ಭಾರ.

ಕಲಿಯುವವರಿಗೆ ಬಿಎಸ್‌ಡಿ ಯಾಕೆ ಒಳ್ಳೆಯದು ಅಂದರೆ ಕರ್ನಲ್, ಮೂಲ ಕಮಾಂಡ್‌ಗಳು, ಅವುಗಳನ್ನು ವಿವರಿಸುವ ಮ್ಯಾನ್ ಪುಟಗಳು ಎಲ್ಲ ಒಂದೇ ತಂಡ ಒಟ್ಟಿಗೆ ನೋಡಿಕೊಳ್ಳುವಂಥವು, ಆದ್ದರಿಂದ ಮ್ಯಾನ್ ಪುಟದಲ್ಲಿ ಬರೆದದ್ದಕ್ಕೂ ನಿಮ್ಮ ಯಂತ್ರದಲ್ಲಿ ಇರುವುದಕ್ಕೂ ತಾಳೆ ಇರುತ್ತದೆ. ಬೂಟ್ ಆಗುವಾಗ ಯಾವ ಸೇವೆ ಶುರುವಾಗಬೇಕು ಅನ್ನೋದು ಬಹುಪಾಲು ಆರ್‌ಸಿ ಡಾಟ್ ಕಾನ್ಫ್ ಅನ್ನೋ ಒಂದೇ ಫೈಲಿನಲ್ಲಿದೆ. ವಿಐ ಅನ್ನೋ ಎಡಿಟರ್‌ನಲ್ಲಿ ತೆರೆದು, ಒಂದೊಂದು ಸಾಲು ಬದಲಿಸಿ, ಏನಾಯಿತು ನೋಡಿ. ಪುಸ್ತಕಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ಪೆಂಟಿಯಂ 4 ಕಾಲದ ಕೆಲವು ಬೋರ್ಡ್‌ಗಳು ಪೆನ್‌ಡ್ರೈವ್‌ನಿಂದ ಬೂಟ್ ಆಗುವುದಿಲ್ಲ. ಆಗ ಪುಟ್ಟ ಬೂಟ್ ಸಿಡಿ ಬರೆದುಕೊಳ್ಳಿ, ಉಳಿದದ್ದನ್ನು ಅದು ತಾನೇ ನೆಟ್‌ವರ್ಕ್‌ನಿಂದ ಇಳಿಸಿಕೊಳ್ಳುತ್ತದೆ. ವೈಫೈ ನಂಬಿಕೊಳ್ಳದೆ ಕೇಬಲ್ ಹಾಕಿ. ಇನ್‌ಸ್ಟಾಲ್ ಮುಗಿದ ಮೇಲೆ ಕಪ್ಪು ಪರದೆ, ಲಾಗಿನ್ ಕೇಳುವ ಒಂದು ಸಾಲು, ಇಷ್ಟೇ ಕಾಣುತ್ತದೆ, ಏನೋ ಕೆಟ್ಟಿದೆ ಅಂದುಕೊಳ್ಳಬೇಡಿ. ಆ ಪರದೆಯಲ್ಲಿ ಕನ್ನಡ ಕಾಣುವುದಿಲ್ಲ, ಅದಕ್ಕೆ ಗ್ರಾಫಿಕ್ಸ್ ಬೇಕು.

ಒಂದು ಮಾತು ಗಂಭೀರವಾಗಿ ತೆಗೆದುಕೊಳ್ಳಿ. ಇದನ್ನು ಸರ್ವರ್ ಮಾಡಿ ಹಗಲೂ ರಾತ್ರಿ ಓಡಿಸುವ ಆಸೆ ಬರುತ್ತದೆ. ಪೆಂಟಿಯಂ 4ರ ಎಷ್ಟೋ ಮಾಡೆಲ್‌ಗಳಲ್ಲಿ ಪೂರ್ತಿ ಕೆಲಸ ಬಿದ್ದಾಗ ಬರೀ ಪ್ರೊಸೆಸರ್ರೇ 80 ವಾಟ್‌ಗಿಂತ ಜಾಸ್ತಿ ತಿನ್ನುತ್ತದೆ. ಮೇಲೆ ಸಾಗರದವರು ಕೇಳಿದ ಆಟಮ್‌ಗೆ ಬೇಕಾಗುವುದು ಸುಮಾರು 2.5 ವಾಟ್. ಸದಾ ಓಡಬೇಕಾದ ಕೆಲಸಕ್ಕೆ ಅಂಥ ನೆಟ್‌ಬುಕ್ ಹುಡುಕಿ, ಬ್ಯಾಟರಿ ಚೆನ್ನಾಗಿದ್ದರೆ ಕರೆಂಟ್ ಹೋದಾಗಲೂ ನಿಲ್ಲುವುದಿಲ್ಲ. ಪೆಂಟಿಯಂ 4 ಕಲಿಯೋ ಹೊತ್ತಿಗೆ ಆನ್, ಮುಗಿದ ಮೇಲೆ ಆಫ್.

ಇನ್‌ಸ್ಟಾಲ್ ಮಾಡುವಾಗ ಯಾವ ಯಾವ ಭಾಗ ಬೇಕು ಅಂತ ಪಟ್ಟಿ ತೋರಿಸುತ್ತದೆ. ಕಂಪೈಲರ್ ಮತ್ತು ಮ್ಯಾನ್ ಪುಟಗಳು, ಎರಡಕ್ಕೂ ಗುರುತು ಹಾಕಿ. ಗ್ರಾಫಿಕ್ಸ್ ಪರದೆ ಕೊಡುವ ಎಕ್ಸ್ ವಿಂಡೋ ಆಮೇಲೆ ಹಾಕಿಕೊಳ್ಳಬಹುದು.